ಆಪತ್ತಿನ ಹೊತ್ತಿಗೆ ಯಾರ ರೂಢಿ?

‘ತುರ್ತು ಪರಿಸ್ಥಿತಿ’ ಅಂದರೆ ನಮ್ಮ ಚಳವಳಿಯ ಹಿರಿಯರಿಗೆ 1975ರ ಜೂನ್ 25 ನೆನಪಾಗುತ್ತದೆ. ಅಂದು ತುರ್ತು ಇದ್ದದ್ದು ಆಳುವವರಿಗೆ. ರಾತ್ರೋರಾತ್ರಿ ಆದೇಶ ಹೊರಟಿತು, ರಾತ್ರೋರಾತ್ರಿ ಜೀಪು ಮನೆಬಾಗಿಲಿಗೆ ಬಂತು. ಕುರ್ಚಿಗೆ ಆಪತ್ತು ಬಂದಾಗ ಸರ್ಕಾರಕ್ಕೆ ಎಷ್ಟು ಬೇಗ ಓಡಲು ಬರುತ್ತದೆ ಎಂಬುದನ್ನು ದೇಶ ನೋಡಿತು. ಅದಾದ ಮೇಲೆ ಹುಟ್ಟಿದ ನಾವು ನೋಡಿರುವ ತುರ್ತು ಬೇರೆ. ಅದರಲ್ಲಿ ಯಾರಿಗೂ ಅವಸರವಿರುವುದಿಲ್ಲ.

ಹಂಪಸಾಗರದ ಸುತ್ತಿನ ಒಂದು ಶಾಲೆ. ಹೆಸರು ಬೇಡ. ಹೆಸರು ಹೇಳಿದರೆ ಅದೊಂದೇ ಶಾಲೆಯ ಕತೆ ಅಂದುಕೊಂಡು ಉಳಿದವರು ನಿರಾಳವಾಗುತ್ತಾರೆ. ನಾವು ಐದನೇ ಕ್ಲಾಸಿನಲ್ಲಿದ್ದೆವು. ಬೆಳಗಿನ ಪ್ರಾರ್ಥನೆಗೆ ಮುಂಚೆ ಅಂಗಳ ಗುಡಿಸುವುದು, ಕಲ್ಲು ಆರಿಸುವುದು, ಕಸ ಎತ್ತಿ ಬೇಲಿಯಾಚೆ ಹಾಕುವುದು ಕೇರಿಯ ಮಕ್ಕಳ ಪಾಲಿನ ಕೆಲಸ. ಹೀಗೆಂದು ಯಾರೂ ಬರೆದಿಟ್ಟಿರಲಿಲ್ಲ. ಬರೆಯುವ ಅಗತ್ಯವೇ ಇರಲಿಲ್ಲ. ಒಂದು ಬೆಳಿಗ್ಗೆ ನಮ್ಮ ಕೇರಿಯ ಹುಡುಗಿಯೊಬ್ಬಳು ಕಲ್ಲು ಎತ್ತಿದಳು. ಕೆಳಗೆ ಕೆಂಚೇಳು ಇತ್ತು. ಕುಟುಕಿತು.

ಹುಡುಗಿ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದಳು. ಮೈಯೆಲ್ಲ ಬೆವರು. ಸುತ್ತ ಮಕ್ಕಳು, ಇಬ್ಬರು ಮೇಷ್ಟ್ರು, ದಾರಿಹೋಕರು ನಾಲ್ಕು ಜನ. ಬೇವಿನ ಮರದ ಕೆಳಗೆ ಎರಡು ಬೈಕು ನಿಂತಿದ್ದವು. ಯಾರೋ ಅಂದರು, ‘ಕೇರಿಗೆ ಯಾರನ್ನಾರ ಕಳಸ್ರಿ, ಅವರಪ್ಪನ್ನ ಕರಕೊಂಡು ಬರ್ಲಿ.’ ನಮ್ಮಲ್ಲೊಬ್ಬ ಓಡಿದ. ಅಪ್ಪ ಮನೆಯಲ್ಲಿರಲಿಲ್ಲ, ಹೊಲಕ್ಕೆ ಕೂಲಿಗೆ ಹೋಗಿದ್ದ. ಅಲ್ಲಿಗೆ ಓಡಿದ. ಅಪ್ಪ ಬಂದು ಮಗಳನ್ನು ಹೆಗಲಿಗೆ ಹಾಕಿಕೊಳ್ಳುವವರೆಗೆ ಅವಳನ್ನು ನೆಲದಿಂದ ಯಾರೂ ಎತ್ತಲಿಲ್ಲ. 108ರ ಗಾಡಿ ನಮ್ಮ ರಾಜ್ಯಕ್ಕೆ ಬಂದು ಅಷ್ಟೊತ್ತಿಗೆ ವರ್ಷ ದಾಟಿತ್ತು. ಆ ನಂಬರು ಅಲ್ಲಿದ್ದ ಯಾರ ಬಾಯಿಗೂ ಬರಲಿಲ್ಲ.

ಹುಡುಗಿ ಬದುಕಿದಳು, ಆದರೆ ಶಾಲೆಗೆ ಮರಳಲಿಲ್ಲ. ‘ಸತ್ತರ ಮುಟ್ಟಾಕೂ ಬರದಿಲ್ಲ ಅಂಥಲ್ಲಿ ನನ್ನ ಮಗಳನ್ನ ಯಾಕ ಕಳಸ್ಲಿ’ ಅಂದಳು ಅವರವ್ವ. ನಾವು ಓದಿದೆವು. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನಮ್ಮದಾಯಿತು. ಅವಳು ಈಗ ಹತ್ತಿ ಬಿಡಿಸಲು ಹೋಗುತ್ತಾಳೆ.

ಈ ಕತೆಯನ್ನು ದುಷ್ಟ ಮೇಷ್ಟ್ರ ಕತೆಯಾಗಿ ಹೇಳುವುದು ಸುಲಭ. ಆದರೆ ಅದು ನಿಜವಲ್ಲ. ಅವತ್ತಿದ್ದ ಇಬ್ಬರಲ್ಲಿ ಒಬ್ಬರು ನಮಗೆ ನೋಟ್‌ಬುಕ್ ಕೊಡಿಸಿದವರು. ‘ಓದ್ರಲೇ, ಓದಿದರ ಮಾತ್ರ ನಿಮಗ ಬಿಡುಗಡೆ’ ಅಂದವರು. ನಮ್ಮ ಪ್ರಶ್ನೆ ಹುಟ್ಟುವುದು ಇಲ್ಲೇ. ಒಳ್ಳೆಯ ಮನುಷ್ಯನೊಬ್ಬ ಅಲ್ಲಿದ್ದ. ಆದರೂ ಮಗು ನೆಲದ ಮೇಲೇ ಇತ್ತು. ಹಾಗಾದರೆ ಅಲ್ಲಿ ಇಲ್ಲದೆ ಹೋದದ್ದು ಏನು?

ಇಷ್ಟು ವರ್ಷ ಯೋಚಿಸಿ ನಮಗೆ ಹೊಳೆದದ್ದು ಇಷ್ಟು. ಆಪತ್ತಿನ ಹೊತ್ತಿಗೆ ಮನುಷ್ಯ ಯೋಚಿಸುವುದಿಲ್ಲ. ಯೋಚಿಸಲು ಅಲ್ಲಿ ಸಮಯವಿಲ್ಲ. ಆಗ ಕೈಕಾಲು ಆಡಿಸುವುದು ರೂಢಿ. ಈಜು ಬಲ್ಲವನು ನೀರಿಗೆ ಬಿದ್ದಾಗ ‘ಈಗ ಕೈ ಬೀಸಬೇಕು’ ಅಂತ ವಿಚಾರ ಮಾಡುವುದಿಲ್ಲ, ಕೈ ತಾನೇ ಬೀಸುತ್ತದೆ. ನಮ್ಮ ಊರುಗಳಲ್ಲಿ ಎಲ್ಲರ ಮೈಗೂ ಹತ್ತಿರುವ ಅತಿ ಹಳೆಯ ರೂಢಿ ಯಾವುದು? ಜಾತಿ. ಯಾರನ್ನು ಮುಟ್ಟಬೇಕು, ಯಾರನ್ನು ಮುಟ್ಟಬಾರದು, ಯಾರ ಹೊಸ್ತಿಲು ದಾಟಬೇಕು, ಯಾರನ್ನು ಹೊರಗಿಂದಲೇ ಕೂಗಬೇಕು – ಇದರ ತಾಲೀಮು ಹುಟ್ಟಿದಂದಿನಿಂದ ಸಾಯುವ ತನಕ ದಿನಾ ನಡೆಯುತ್ತದೆ. ಆ ಮೇಷ್ಟ್ರ ಒಳ್ಳೆಯತನ ಯೋಚನೆಯಲ್ಲಿತ್ತು, ಜಾತಿ ಕೈಯಲ್ಲಿತ್ತು. ಯೋಚನೆ ಹೊರಡುವಷ್ಟರಲ್ಲಿ ಕೈ ಹಿಂದೆ ಸರಿದಿತ್ತು.

ಶಾಲೆಯಲ್ಲಿ ಆಪತ್ತಿಗೆ ಮುಂಚಿತ ಸಿದ್ಧತೆ ಬೇಕು ಎಂಬ ಮಾತನ್ನು ನಾವು ಇಲ್ಲಿಂದ ನೋಡುತ್ತೇವೆ. ಬಕೆಟ್ಟಿನಲ್ಲಿ ಮರಳು ತುಂಬಿ ಗೋಡೆಗೆ ನೇತುಹಾಕಿದರೆ ಅದು ಮುಗಿಯುವುದಿಲ್ಲ. ತಣ್ಣನೆಯ ಹೊತ್ತಿನಲ್ಲಿ ಕೂತು ನ್ಯಾಯವನ್ನು ಯೋಚಿಸಿ, ಅದನ್ನು ಕೈಕಾಲಿಗೆ ರೂಢಿ ಮಾಡಿಸುವ ಕೆಲಸ ಅದು. ಹಳೆಯ ರೂಢಿಯ ಮೇಲೆ ಹೊಸ ರೂಢಿಯನ್ನು ಬಿತ್ತುವ ಕೆಲಸ. ಆ ಅರ್ಥದಲ್ಲಿ ಅದೂ ಒಂದು ಬಂಡಾಯ.

ಇದಕ್ಕೆ ಮೂರು ಆಕ್ಷೇಪಣೆಗಳು ಬರುತ್ತವೆ. ಮೂರನ್ನೂ ನಾವು ಕೇಳಿದ್ದೇವೆ.

ಮೊದಲನೆಯದು: ‘ಹೊಳಿ ಬಂದಾಗ ಎಲ್ಲಾರೂ ಒಂದ. ಬೆಂಕಿಗೆ ಜಾತಿ ಐತೇನ್ರಿ?’ ಬೆಂಕಿಗೆ ಜಾತಿ ಇಲ್ಲ, ನಿಜ. ಆದರೆ ಮನೆ ಎಲ್ಲಿ ಕಟ್ಟಬೇಕೆಂಬುದಕ್ಕೆ ಜಾತಿ ಇದೆ. ತಗ್ಗಿನಲ್ಲಿ, ಹಳ್ಳದ ದಂಡೆಯಲ್ಲಿ, ಊರಿನ ನೀರೆಲ್ಲ ಹರಿದು ಬರುವಲ್ಲಿ ಯಾರ ಕೇರಿ ಇದೆ ಎಂದು ಯಾವ ಊರಿಗೆ ಹೋದರೂ ನೋಡಬಹುದು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕಕ್ಕೆ ನೆರೆ ಬಂದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅಂಥ ಹೊತ್ತಿನಲ್ಲಿ ಊರಿನ ಶಾಲೆಯೇ ಗಂಜಿ ಕೇಂದ್ರವಾಗುತ್ತದೆ. ಗಂಜಿ ಕೇಂದ್ರದಲ್ಲಿ ಯಾವ ಕೋಣೆ ಯಾರಿಗೆ, ಕೊಡಪಾನ ಯಾರ ಕೈಯಲ್ಲಿ ಎಂಬ ಪ್ರಶ್ನೆ ನೀರು ಇಳಿಯುವ ಮುಂಚೆಯೇ ಏಳುತ್ತದೆ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ತಮಿಳುನಾಡಿನ ನಾಗಪಟ್ಟಣದ ಕಡೆಯ ಶಿಬಿರಗಳಲ್ಲಿ ದಲಿತರನ್ನು ಬೇರೆ ಇಟ್ಟ, ನೀರಿನ ಟ್ಯಾಂಕು ಮುಟ್ಟಗೊಡದ ವರದಿಗಳು ಲೋಕಕ್ಕೆಲ್ಲ ಹೋದವು. ಹೆಣ ಎತ್ತಲು ಮಾತ್ರ ದೂರದ ಊರುಗಳಿಂದ ಪೌರಕಾರ್ಮಿಕರನ್ನು ಕರೆಸಿದರು. ಸಮುದ್ರ ಎಲ್ಲರನ್ನೂ ಒಂದೇ ಸಮ ಮುಳುಗಿಸಿತು. ದಂಡೆಗೆ ಬಂದವರನ್ನು ಮನುಷ್ಯರು ಮತ್ತೆ ವಿಂಗಡಿಸಿದರು.

ಅಂಬೇಡ್ಕರರ ಬಾಲ್ಯದ ಸಾತಾರಾ ಶಾಲೆಯನ್ನೂ ಇಲ್ಲಿ ನೆನೆಯಬೇಕು. ಬಾಯಾರಿದ ಆ ಹುಡುಗ ನಲ್ಲಿಯನ್ನು ತಾನೇ ಮುಟ್ಟುವಂತಿರಲಿಲ್ಲ. ಜವಾನ ಬಂದು ತಿರುಗಿಸಬೇಕು. ಜವಾನ ಬರದಿದ್ದರೆ ಅವತ್ತು ನೀರಿಲ್ಲ. ಉಳಿದ ಮಕ್ಕಳಿಗೆ ಆಪತ್ತು ಎಂದೋ ಒಮ್ಮೆ ಬರುವ ಸಂಗತಿ. ಆ ಮಗುವಿಗೆ ಅದು ದಿನದ ವೇಳಾಪಟ್ಟಿಯಲ್ಲೇ ಇತ್ತು. ನಮ್ಮ ಮಕ್ಕಳಿಗೆ ಶಾಲೆ ಎಷ್ಟು ಸುರಕ್ಷಿತ ಎಂದು ಅಳೆಯುವಾಗ ಬೆಂಕಿ ಆರಿಸುವ ಸಿಲಿಂಡರ್ ನೋಡುವ ಮುಂಚೆ ನೀರಿನ ಲೋಟ ನೋಡಬೇಕು.

ಎರಡನೆಯ ಆಕ್ಷೇಪಣೆ ಇನ್ನೂ ಹಳೆಯದು: ‘ಹಣೆಬರಹ. ಬರದ್ದು ತಪ್ಪಸಾಕ ಆಗ್ತೈತೇನು?’ ಈ ಮಾತು ಮೇಲಿನವರ ಬಾಯಲ್ಲಷ್ಟೇ ಅಲ್ಲ, ನಮ್ಮವ್ವ ನಮ್ಮಪ್ಪಂದಿರ ಬಾಯಲ್ಲೂ ಇದೆ. ಅದಕ್ಕೇ ಇದನ್ನು ಸಿಟ್ಟಿನಿಂದ ತಳ್ಳದೆ ತಾಳ್ಮೆಯಿಂದ ಬಿಚ್ಚಬೇಕು.

ಚೇಳಿನ ಕತೆಯನ್ನೇ ತೆಗೆದುಕೊಳ್ಳೋಣ. ಕೆಂಚೇಳು ಕುಟುಕಿದ ಮಕ್ಕಳು ಕೊಂಕಣದ ಹಳ್ಳಿಗಳಲ್ಲಿ ಸಾಲುಸಾಲಾಗಿ ಸಾಯುತ್ತಿದ್ದರು. ಹಣೆಬರಹ ಎನ್ನುತ್ತಿದ್ದರು. 1970ರ ದಶಕದಲ್ಲಿ ಮಹಾಡ್ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಬಂದ ಹಿಮ್ಮತ್‌ರಾವ್ ಬಾವಸ್ಕರ್ ಎಂಬ ಬಡರೈತನ ಮಗ, ವೈದ್ಯ, ಆ ಮಕ್ಕಳ ಹಾಸಿಗೆ ಪಕ್ಕ ಕೂತು ವಿಷ ಗುಂಡಿಗೆಗೆ ಏನು ಮಾಡುತ್ತದೆ ಎಂದು ನೋಡಿದರು. ರಕ್ತದೊತ್ತಡಕ್ಕೆ ಕೊಡುವ ಪ್ರಾಜೋಸಿನ್ ಎಂಬ ಅಗ್ಗದ ಗುಳಿಗೆ ಕೊಟ್ಟು ಮಕ್ಕಳನ್ನು ಉಳಿಸಿದರು. 1986ರಲ್ಲಿ ಅದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಒಂದು ಗುಳಿಗೆಗೆ ಅಳಿಸಿಹೋಗುವ ಬರಹ ಅದೆಂಥ ಹಣೆಬರಹ? 1927ರಲ್ಲಿ ಬಾಬಾಸಾಹೇಬರು ಚವದಾರ್ ಕೆರೆಯ ನೀರು ಮುಟ್ಟಿದ್ದೂ ಅದೇ ಮಹಾಡಿನಲ್ಲಿ. ಒಂದೇ ಊರಿನಲ್ಲಿ ಎರಡು ಹಣೆಬರಹಗಳು ಅಳಿಸಿಹೋದವು. ಒಂದನ್ನು ಅಳಿಸಿದ್ದು ಗುಳಿಗೆ, ಇನ್ನೊಂದನ್ನು ಅಳಿಸಿದ್ದು ಬೊಗಸೆ ನೀರು.

ದೊಡ್ಡ ಅವಘಡಗಳನ್ನೂ ಹೀಗೇ ಬಿಚ್ಚಿ ನೋಡಬಹುದು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. ಉರಿಯುವ ಬಟ್ಟೆ ಮೇಲೆ, ಓಡುವ ಜನ ಕೆಳಗೆ. ಸತ್ತವರು 92. ಬಹುಪಾಲು ಮಕ್ಕಳು. 2004ರ ಜುಲೈ 16ರಂದು ಕುಂಭಕೋಣಂನ ಶಾಲೆಯಲ್ಲಿ ಅಡುಗೆಯ ಬೆಂಕಿ ಗರಿಯ ಮಾಡಿಗೆ ಹತ್ತಿ 94 ಮಕ್ಕಳು ಸುಟ್ಟುಹೋದರು. ಒಂದೇ ಕಟ್ಟಡದಲ್ಲಿ ಮೂರು ಶಾಲೆ, ಇಕ್ಕಟ್ಟಾದ ಮೆಟ್ಟಿಲು. ಇದರಲ್ಲಿ ವಿಧಿ ಎಲ್ಲಿದೆ? ಗರಿ ಇದೆ, ಒಲೆ ಇದೆ, ಮೆಟ್ಟಿಲಿನ ಅಗಲ ಇದೆ, ಅನುಮತಿಗೆ ಹಾಕಿದ ಸಹಿ ಇದೆ. ಈ ಒಂದೊಂದನ್ನೂ ಮುಂಚೆಯೇ ಬದಲಾಯಿಸಬಹುದಿತ್ತು. ಕುಂಭಕೋಣಂನ ನಂತರ ಸುಪ್ರೀಂ ಕೋರ್ಟಿಗೆ ಹೋದ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ 2009ರ ಏಪ್ರಿಲ್ 13ರಂದು ತೀರ್ಪು ಬಂತು. ಶಿಕ್ಷಣದ ಹಕ್ಕಿನೊಳಗೇ ಸುರಕ್ಷಿತ ಶಾಲೆಯ ಹಕ್ಕೂ ಇದೆ ಎಂದಿತು ನ್ಯಾಯಾಲಯ. ಹಣೆಬರಹ ಎಂಬ ಮಾತಿಗೆ ಇದು ಸಂವಿಧಾನದ ಉತ್ತರ. ಮಗುವಿನ ಜೀವ ಉಳಿಸುವುದು ಯಾರದೋ ಕರುಣೆಯಲ್ಲ, ಮಗುವಿನ ಹಕ್ಕು. ಕರುಣೆಯನ್ನು ಕಾಯಬೇಕಾಗುತ್ತದೆ. ಹಕ್ಕನ್ನು ಕೇಳಬಹುದು.

ಮೂರನೆಯ ಆಕ್ಷೇಪಣೆ ನಮ್ಮವರದೇ. ಹಳ್ಳಿಯ ಮೇಷ್ಟ್ರೊಬ್ಬರು ನಮಗೆ ಹೇಳಿದರು: ‘ಇಬ್ಬರು ಮೇಷ್ಟ್ರು, ಐದು ಕ್ಲಾಸು. ಮೊಟ್ಟೆ ಲೆಕ್ಕ, ಅಕ್ಕಿ ಲೆಕ್ಕ, ಗಣತಿ, ಚುನಾವಣೆ. ಇದರಾಗ ನಿಮ್ಮ ಆಪತ್ತಿನ ಡ್ರಿಲ್ಲು ಬ್ಯಾರೆ. ಇನ್ನೊಂದು ಫೈಲು ಆಗ್ತೈತಿ, ಅಷ್ಟ.’ ಈ ಮಾತಿನಲ್ಲಿ ಸೋಮಾರಿತನವಿಲ್ಲ, ದಣಿವಿದೆ. ಅದರೊಳಗೆ ಒಂದು ಸತ್ಯವೂ ಇದೆ. ಸಿದ್ಧತೆ ಫೈಲಾದರೆ ಸತ್ತಂತೆಯೇ.

ಸತ್ತದ್ದಕ್ಕೆ ಸಾಕ್ಷಿ ಬೇಕೆಂದರೆ ಜಪಾನಿಗೆ ಹೋಗಬೇಕು. ಸಿದ್ಧತೆಯಲ್ಲಿ ಲೋಕಕ್ಕೇ ಮಾದರಿ ಎನ್ನುವ ದೇಶ ಅದು. 2011ರ ಮಾರ್ಚ್ 11ರಂದು ಭೂಕಂಪವಾಗಿ ಸುನಾಮಿ ಎದ್ದಾಗ ಇಶಿನೊಮಾಕಿ ಊರಿನ ಓಕಾವಾ ಪ್ರಾಥಮಿಕ ಶಾಲೆಯ ಮಕ್ಕಳನ್ನು ಅಂಗಳದಲ್ಲಿ ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ನಿಲ್ಲಿಸಿದರು. ಹಿಂದೆಯೇ ಗುಡ್ಡವಿತ್ತು. ಎಲ್ಲಿಗೆ ಹೋಗಬೇಕೆಂದು ದೊಡ್ಡವರಿಗೆ ತೀರ್ಮಾನಿಸಲು ಆಗಲಿಲ್ಲ. 74 ಮಕ್ಕಳು, 10 ಶಿಕ್ಷಕರು ಹೋದರು. ಆ ಶಾಲೆಗೆ ಬರೆದಿಟ್ಟ ಯೋಜನೆ ಇತ್ತು. ಹತ್ತಿರದ ಖಾಲಿ ಜಾಗಕ್ಕೋ ಉದ್ಯಾನಕ್ಕೋ ಹೋಗಬೇಕೆಂದು ಅದರಲ್ಲಿ ಬರೆದಿತ್ತು. ಅಂಥ ಜಾಗ ಯಾವುದೆಂದು ಯಾರೂ ಗೊತ್ತುಮಾಡಿರಲಿಲ್ಲ. ಯಾವುದೋ ಮಾದರಿಯಿಂದ ಇಳಿಸಿಕೊಂಡ ಸಾಲು. ತಾಯ್ತಂದೆಯರು ಕೋರ್ಟಿಗೆ ಹೋದರು. ತಪ್ಪು ಆ ಮುಕ್ಕಾಲು ಗಂಟೆಯಲ್ಲಿ ಮಾತ್ರ ಆದದ್ದಲ್ಲ, ಅದಕ್ಕೂ ಮುಂಚಿನ ತಣ್ಣನೆಯ ದಿನಗಳಲ್ಲೇ ಆಗಿತ್ತು ಎಂಬ ತೀರ್ಪು 2019ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ಗಟ್ಟಿಯಾಯಿತು.

ಅದೇ ದಿನ, ಅದೇ ಕರಾವಳಿಯ ಕಮೈಶಿ ಎಂಬ ಊರಿನಲ್ಲಿ ದೊಡ್ಡ ಮಕ್ಕಳು ಚಿಕ್ಕ ಮಕ್ಕಳ ಕೈ ಹಿಡಿದು ಎತ್ತರಕ್ಕೆ ಓಡಿದರು. ಗೊತ್ತುಮಾಡಿದ ಜಾಗವೂ ಸಾಲದೆನಿಸಿದಾಗ ಇನ್ನೂ ಮೇಲಕ್ಕೆ ಓಡಿದರು. ಆ ಹೊತ್ತಿಗೆ ಆ ಊರಿನ ಶಾಲೆಗಳಲ್ಲಿದ್ದ ಸುಮಾರು ಮೂರು ಸಾವಿರ ಮಕ್ಕಳು ಉಳಿದರು. ಅವರಿಗೆ ಅದು ಫೈಲಾಗಿರಲಿಲ್ಲ, ಮೈಗೆ ಹತ್ತಿದ ರೂಢಿಯಾಗಿತ್ತು.

ನಮ್ಮಲ್ಲೂ 2005ರ ವಿಪತ್ತು ನಿರ್ವಹಣಾ ಕಾಯಿದೆ ಇದೆ. ಶಾಲೆಗಳ ಸುರಕ್ಷತೆಗೆ 2016ರ ರಾಷ್ಟ್ರೀಯ ಮಾರ್ಗಸೂಚಿ ಇದೆ. ಬೆಂಕಿ, ಭೂಕಂಪ, ನೆರೆ ಎಲ್ಲದಕ್ಕೂ ಮಾತಿದೆ. ನಾವು ಕೇಳುವುದು ಒಂದೇ. ಆ ಕಾಗದ ಹಂಪಸಾಗರಕ್ಕೆ ಬಂದಾಗ ಯಾರ ಜೊತೆ ಕೂತು ತುಂಬುತ್ತಾರೆ?

ಹಂಪಸಾಗರ ತುಂಗಭದ್ರಾ ಹಿನ್ನೀರಿನ ಊರು. ಡ್ಯಾಮಿನ ಮಟ್ಟ 1633 ಅಡಿಗೆ ಏರಿದರೆ ನೀರು ಯಾವ ಹೊಲದ ತನಕ ಬರುತ್ತದೆ, ಯಾವ ದಾರಿ ಮುಚ್ಚುತ್ತದೆ ಎಂಬುದು ನಕಾಶೆ ನೋಡುವ ಸಾಹೇಬರಿಗಿಂತ ಬಲೆ ಬೀಸುವವನಿಗೆ, ಎಮ್ಮೆ ಕಾಯುವ ಹುಡುಗನಿಗೆ ಚೆನ್ನಾಗಿ ಗೊತ್ತು. 1953ರಲ್ಲಿ ಈ ಅಣೆಕಟ್ಟೆ ಮುಗಿಯುವಾಗ ತೊಂಬತ್ತರಷ್ಟು ಹಳ್ಳಿಗಳು ಮುಳುಗಿದವು, ಐವತ್ತು ಸಾವಿರಕ್ಕೂ ಮಿಕ್ಕಿ ಜನ ಎದ್ದುಹೋದರು. ನಮ್ಮಜ್ಜಿ ಹೇಳುತ್ತಿದ್ದಳು: ‘ಹೊಲ ಇದ್ದೋರ ಹೆಸರು ಬರಕೊಂಡ್ರು. ನಮ್ಮದೇನೈತಿ ಬರಕೊಳ್ಳಾಕ? ನಮ್ಮನ್ನ ನೀರ ಎಬ್ಬಿಸ್ತು.’ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಆಪತ್ತು ಎರಡು ಸಲ ಬರುತ್ತದೆ. ನೀರಾಗಿ ಒಮ್ಮೆ, ಲೆಕ್ಕವಾಗಿ ಇನ್ನೊಮ್ಮೆ. ಮತ್ತೆ 2024ರ ಆಗಸ್ಟ್ 10ರ ರಾತ್ರಿ ಅದೇ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ತಡೆ ಹಲಗೆ ಇಳಿಸುವವರೆಗೆ ಒಂದು ವಾರ ಕೆಳಗಿನ ಊರುಗಳವರು ನಿದ್ದೆಗೆಟ್ಟರು. ಎಪ್ಪತ್ತು ವರ್ಷ ನಿಂತಿದೆ ಅಂದಮೇಲೆ ನಾಳೆಯೂ ನಿಲ್ಲುತ್ತದೆ ಎಂಬ ನಂಬಿಕೆ ಒಂದು ಕೊಂಡಿಯ ಮೇಲೆ ನಿಂತಿತ್ತು.

ಇನ್ನೊಂದು ಸಾವಿನ ಪಾಠವನ್ನು ಗೆಳೆಯರು ಮರೆಯಬಾರದು. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಅಡುಗೆಯಲ್ಲಿ ಬೆಳೆಗೆ ಹೊಡೆಯುವ ಮೋನೋಕ್ರೋಟೋಫಾಸ್ ವಿಷ ಸೇರಿತ್ತು. ಎಣ್ಣೆ ಸರಿಯಿಲ್ಲ ಎಂದು ಅಡುಗೆಯಾಕೆ ಮುಂಚೆಯೇ ಹೇಳಿದ್ದಳೆಂದು ಆಗಿನ ವರದಿಗಳು ತಿಳಿಸಿದವು. ಅವಳ ಮಾತಿಗೆ ಬೆಲೆ ಇರಲಿಲ್ಲ. ನಮ್ಮ ಬಳ್ಳಾರಿ ಸೀಮೆಗೆ ಬಿಸಿಯೂಟ ಬಂದದ್ದು 2002ರಲ್ಲಿ, ರಾಜ್ಯದಲ್ಲೇ ಮೊದಲ ಸಾಲಿನಲ್ಲಿ. ಅಂದಿನಿಂದ ಒಲೆಯ ಮುಂದೆ ನಿಂತಿರುವ ತಾಯಂದಿರು ಎಷ್ಟು ಶಾಲೆಗಳಲ್ಲಿ ‘ಇವತ್ತು ಇದನ್ನ ಬಡಸಂಗಿಲ್ಲ’ ಎಂದು ಹೇಳಬಲ್ಲರು? ಅಡುಗೆಯಾಕೆ ದಲಿತಳೆಂದು ಕೋಲಾರ ಜಿಲ್ಲೆಯ ಶಾಲೆಯೊಂದನ್ನು ಮಕ್ಕಳೇ ಬಿಟ್ಟುಹೋದ ಸುದ್ದಿ 2015ರಲ್ಲಿ ಬಂತು. ಅವಳು ಕೈಯಾರೆ ಮಾಡಿದ್ದನ್ನೇ ಉಣ್ಣದವರು ಅವಳ ಎಚ್ಚರಿಕೆಯನ್ನು ಕೇಳುತ್ತಾರೆಯೇ?

ಹಾಗಾಗಿ ನಾವು ಮೇಷ್ಟ್ರುಗಳಿಗೆ ಹೇಳುವುದು ಇಷ್ಟು. ಇನ್ನೊಂದು ಫೈಲು ಬೇಡ. ಒಂದು ಶನಿವಾರದ ಬೆಳಿಗ್ಗೆ ಸಾಕು. ಎಸ್‌ಡಿಎಂಸಿಯವರು, ಅಡುಗೆಯವರು, ಕೇರಿಯ ತಾಯಂದಿರು, ದೊಡ್ಡ ಕ್ಲಾಸಿನ ಮಕ್ಕಳು ಒಂದೇ ಚಾಪೆಯ ಮೇಲೆ ಕೂತುಕೊಳ್ಳಲಿ. ಹಾಗೆ ಕೂರುವುದೇ ಮೊದಲ ತಾಲೀಮು. ಬೀಗದ ಕೈ ಎರಡಿರಲಿ, ಒಂದು ಅಡುಗೆಯಾಕೆಯ ಹತ್ತಿರ. ಬಾಗಿಲು ಹೊರಕ್ಕೆ ತೆರೆಯುವಂತಿರಲಿ, ಮುಂದೆ ಅಕ್ಕಿಚೀಲ ಬೇಡ. ಗ್ಯಾಸು ಯಾರು ಬಂದ್ ಮಾಡಬೇಕೆಂದು ಹೆಸರಿರಲಿ. ಬಡಿಸುವ ಮುಂಚೆ ದೊಡ್ಡವರು ರುಚಿ ನೋಡುವ ನಿಯಮವಿದೆ, ಅದು ನಡೆಯಲಿ. ಅಡುಗೆಯಾಕೆ ಬೇಡವೆಂದರೆ ಬೇಡ. 108, 112, ಮಕ್ಕಳ ಸಹಾಯವಾಣಿ 1098 – ಈ ಮೂರು ನಂಬರನ್ನು ಗೋಡೆಗೆ ದೊಡ್ಡದಾಗಿ ಬರೆಯಿರಿ, ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿರಿ. ಗಾಡಿ ಬರುವುದು ತಡವಾದರೆ ಯಾರ ಬೈಕು ಎಂದು ಇವತ್ತೇ ಕೇಳಿಟ್ಟುಕೊಳ್ಳಿ. ಸಿಡಿಲು ಗುಡುಗು ಇದ್ದಾಗ ಮಕ್ಕಳು ಮರದ ಕೆಳಗಲ್ಲ, ಕೋಣೆಯ ಒಳಗೆ. ಅಂಗಳದ ಕಲ್ಲು ಎತ್ತುವುದು ಮಕ್ಕಳ ಕೆಲಸವಲ್ಲ, ಕೇರಿಯ ಮಕ್ಕಳದಂತೂ ಖಂಡಿತ ಅಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಕೈ. ದೊಡ್ಡ ಮಗುವಿಗೊಂದು ಚಿಕ್ಕ ಮಗುವಿನ ಜೋಡಿ ಮಾಡಿ. ಊರ ಮಗು ಕೇರಿಯ ಮಗುವಿನ ಕೈ ಹಿಡಿಯಲಿ, ಕೇರಿಯ ಮಗು ಊರ ಮಗುವನ್ನು ಬೆನ್ನಿಗೆ ಹಾಕಿಕೊಂಡು ಓಡಲಿ. ತಿಂಗಳಿಗೊಮ್ಮೆ ಗಂಟೆ ಬಾರಿಸಿ, ಓಡಿಸಿ, ಬಯಲಿನಲ್ಲಿ ನಿಲ್ಲಿಸಿ ಎಣಿಸಿ. ಮೊದಲ ಸಲ ಮಕ್ಕಳು ನಗುತ್ತಾರೆ. ಎರಡನೇ ಸಲ ಒಂದಿಬ್ಬರ ಮನೆಯಿಂದ ದೂರು ಬರುತ್ತದೆ – ‘ನಮ್ಮ ಹುಡುಗನ್ನ ಅವರ ಕೈ ಯಾಕ ಹಿಡಸ್ತೀರಿ?’ ಆ ದೂರು ಬಂದ ದಿನ ನಿಮ್ಮ ಸಿದ್ಧತೆ ಶುರುವಾಯಿತು ಅಂತ ತಿಳಿಯಿರಿ. ಬೆಂಕಿ ಬಿದ್ದ ದಿನ ಎದುರಾಗಬೇಕಿದ್ದ ಬೀಗ ಅದು. ಬೆಂಕಿ ಇಲ್ಲದ ದಿನವೇ ಕಣ್ಣಿಗೆ ಬಿತ್ತು. ತೆಗೆಯಲು ಈಗ ಸಮಯವಿದೆ.

ಇಷ್ಟೆಲ್ಲ ಮಾಡಿದರೂ ಆಪತ್ತು ಬರಬಹುದು. 2001ರ ಜನವರಿ 26ರಂದು ಗುಜರಾತಿನ ಅಂಜಾರ್‌ನಲ್ಲಿ ಬಾವುಟ ಹಿಡಿದು ಮೆರವಣಿಗೆ ಹೊರಟ ಮಕ್ಕಳ ಮೇಲೆ ಇಕ್ಕಟ್ಟಾದ ಬೀದಿಯ ಮನೆಗಳು ಕುಸಿದವು. ಭೂಮಿ ನಡುಗುವುದನ್ನು ಯಾರೂ ತಡೆಯಲಾರರು. ಸಿದ್ಧತೆಯಿಂದ ಸಾವು ಇಲ್ಲವಾಗುತ್ತದೆ ಎಂದು ನಾವು ಹೇಳುತ್ತಿಲ್ಲ. ಗೋಡೆ ಬೀಳುವುದು ಒಂದು ಮಾತು, ಬಿದ್ದ ಗೋಡೆಯ ಕೆಳಗಿನ ಮಗುವನ್ನು ನೋಡಿ ‘ಇದು ಯಾರ ಮಗು?’ ಎಂದು ಕೇಳುವುದು ಇನ್ನೊಂದು ಮಾತು. ಮೊದಲನೆಯದು ಪ್ರಕೃತಿಯದು. ಎರಡನೆಯದು ನಮ್ಮದು.

ಆ ಬೆಳಿಗ್ಗೆ ಓಡಿದ ಹುಡುಗನ ಕಾಲು ಇವತ್ತೂ ನಮ್ಮೊಳಗೆ ಓಡುತ್ತಿದೆ. ಅವನು ಓಡಬಾರದಿತ್ತು ಅಂತಲ್ಲ. ಬೈಕಿನ ಹತ್ತಿರ ಓಡಬೇಕಿತ್ತು. ಕೇರಿಯ ಕಡೆಗೆ ಓಡಬೇಕೆಂದು ಅವನಿಗೆ ಕಲಿಸಿದವರು ನೂರಾರು ವರ್ಷಗಳವರು. ಬೈಕಿನ ಕಡೆಗೆ ಓಡಲು ಕಲಿಸುವವರು ಈಗ ನಾವು. ಮುಂದಿನ ಶನಿವಾರ ಬೆಳಿಗ್ಗೆ ಚಾಪೆ ಹಾಸೋಣ.